ಹಟ್ಟಿಗೆ ಬಂದ ಆ್ಯಂಟಿಬಯೋಟಿಕ್: ದಕ್ಷಿಣ ಕನ್ನಡ, ಉಡುಪಿಯ ಹೈನುಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ಕಳ, ಹೆಬ್ರಿ, ಬಂಟ್ವಾಳ, ಬೆಳ್ತಂಗಡಿ ಕಡೆಯ ಹಟ್ಟಿಗಳಲ್ಲಿ ದನ ನೋಡಲು ಹೋದಾಗ, ಹಾಲು ಉತ್ಪಾದಕರ ಸಂಘಗಳ ಸಭೆಗಳಲ್ಲಿ ಕುಳಿತಾಗ ಪಶುವೈದ್ಯನಾದ ನನ್ನ ಎದುರು ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಕೇಳುವವರ ಮಾತಿನಲ್ಲಿ ಭಯ, ಸಿಟ್ಟು, ಲೆಕ್ಕಾಚಾರ ಎಲ್ಲವೂ ಇರುತ್ತವೆ. ಅವನ್ನು ಬದಿಗಿಟ್ಟು ಬರಿಯ ಔಷಧದ ಪಾಠ ಹೇಳಿದರೆ ಯಾರೂ ಕಿವಿಗೊಡುವುದಿಲ್ಲ, ಕಿವಿಗೊಡಬೇಕಾಗಿಯೂ ಇಲ್ಲ.

ಡಾಕ್ಟರು ಕೊಡುವ ಇಂಜೆಕ್ಷನ್‌ಗಳೆಲ್ಲ ಆ್ಯಂಟಿಬಯೋಟಿಕ್‌ಗಳೇ?

ಅಲ್ಲ. ಒಂದೇ ಭೇಟಿಯಲ್ಲಿ ಮೂರು ಇಂಜೆಕ್ಷನ್ ಬಿದ್ದರೆ ಅದರಲ್ಲಿ ಒಂದು ಜ್ವರ, ನೋವಿನದ್ದಿರಬಹುದು, ಇನ್ನೊಂದು ಅಲರ್ಜಿ ತಗ್ಗಿಸುವುದಿರಬಹುದು. ಹುಳದ ಮದ್ದು, ಉಣ್ಣಿಯ ಮದ್ದು, ಕರು ಹಾಕಿ ಮಲಗಿದ ದನಕ್ಕೆ ಏರಿಸುವ ಕ್ಯಾಲ್ಸಿಯಂ ಬಾಟಲಿ ಇವು ಯಾವುವೂ ಆ್ಯಂಟಿಬಯೋಟಿಕ್ ಅಲ್ಲ. ಪೆನಿಸಿಲಿನ್, ಆ್ಯಂಪಿಸಿಲಿನ್, ಕ್ಲಾಕ್ಸಾಸಿಲಿನ್, ಆಕ್ಸಿಟೆಟ್ರಾಸೈಕ್ಲಿನ್, ಎನ್ರೋಫ್ಲಾಕ್ಸಾಸಿನ್, ಜೆಂಟಾಮೈಸಿನ್, ಸೆಫ್ಟ್ರಿಯಾಕ್ಸೋನ್, ಸಲ್ಫಾ ಎಂಬ ಹೆಸರುಗಳು ಚೀಟಿಯಲ್ಲೋ ಬಾಟಲಿಯ ಮೇಲೋ ಕಂಡರೆ ಅದು ಆ್ಯಂಟಿಬಯೋಟಿಕ್.

ಇವು ಕೆಲಸ ಮಾಡುವುದು ಬ್ಯಾಕ್ಟೀರಿಯಾದ ಮೇಲೆ ಮಾತ್ರ. ಕಾಲುಬಾಯಿ ಜ್ವರ ಮತ್ತು ಚರ್ಮಗಂಟು ರೋಗ ವೈರಸ್‌ನಿಂದ ಬರುವವು. ಚರ್ಮಗಂಟು ರೋಗ ಹಬ್ಬಿದಾಗ ಎಷ್ಟೋ ಮನೆಗಳಲ್ಲಿ ಮೊದಲ ದಿನವೇ ಆ್ಯಂಟಿಬಯೋಟಿಕ್‌ಗೆ ಒತ್ತಾಯ ಬರುತ್ತದೆ. ಗಂಟು ಒಡೆದು ಹುಣ್ಣಾಗಿ, ಅಲ್ಲಿಗೆ ಬೇರೆ ಸೋಂಕು ತಗುಲಿದಾಗ ಅದು ಬೇಕಾಗಬಹುದು. ಮೂಲ ರೋಗಕ್ಕೆ ಅದರಿಂದ ಏನೂ ಆಗುವುದಿಲ್ಲ.

ಹೈನುಗಾರರು ಇಷ್ಟು ಬೇಗ ಆ್ಯಂಟಿಬಯೋಟಿಕ್ ಕೇಳುವುದು ತಿಳಿವಳಿಕೆ ಇಲ್ಲದ್ದರಿಂದಲೇ?

ಹಾಗೆ ಹೇಳುವವರನ್ನು ನಾನು ಒಪ್ಪುವುದಿಲ್ಲ. ಎರಡು ದನ ಕಟ್ಟಿದ ಮನೆಯಲ್ಲಿ ಒಂದು ದನ ಮೇವು ಬಿಟ್ಟಿತೆಂದರೆ ಹಾಲಿನ ಬಿಲ್ಲು ಅರ್ಧಕ್ಕೆ ಇಳಿಯಿತೆಂದೇ ಅರ್ಥ. ಹಿಂಡಿಯ ಬಾಕಿ ಮಾತ್ರ ಇಳಿಯುವುದಿಲ್ಲ. ಜುಲೈ ತಿಂಗಳ ರಾತ್ರಿ, ಕರೆಂಟ್ ಇಲ್ಲ, ಮನೆಯ ದಾರಿಗೆ ಅಡ್ಡವಾಗಿ ತೋಡು ತುಂಬಿ ಹರಿಯುತ್ತಿದೆ, ದನದ ಮೈ ಕಾದಿದೆ. ಅಂಥ ಹೊತ್ತಿನಲ್ಲಿ ‘ನಾಳೆಯವರೆಗೆ ಕಾದು ನೋಡೋಣ’ ಎನ್ನುವುದು ನನಗೆ ಸುಲಭ, ದನದ ಯಜಮಾನನಿಗೆ ಕಷ್ಟ. ಹಿಂದಿನ ಸಲ ಯಾವುದೋ ಇಂಜೆಕ್ಷನ್ ಕೊಟ್ಟ ಮರುದಿನ ದನ ಎದ್ದಿತ್ತು ಎಂಬ ನೆನಪು ಅವರಿಗಿರುತ್ತದೆ. ಅದು ಇಂಜೆಕ್ಷನ್ ಇಲ್ಲದೆಯೂ ಏಳುತ್ತಿತ್ತೇ ಎಂದು ಪರೀಕ್ಷಿಸಿ ನೋಡುವ ಧೈರ್ಯ ಸಾಲ ಮಾಡಿ ದನ ತಂದವರಿಗೆ ಎಲ್ಲಿಂದ ಬರಬೇಕು?

ವೈದ್ಯರ ಪಾಲೂ ಇದರಲ್ಲಿದೆ. ಹದಿನೈದು ಕಿಲೋಮೀಟರ್ ಬೈಕಿನಲ್ಲಿ ಬಂದ ವೈದ್ಯರಿಗೆ ನಾಳೆ ಇದೇ ದನವನ್ನು ನೋಡಲು ಮತ್ತೆ ಬರಲಾಗುತ್ತದೆಯೋ ಇಲ್ಲವೋ ಗೊತ್ತಿರುವುದಿಲ್ಲ. ಹಾಗಾಗಿ ‘ಇರಲಿ’ ಎಂದು ಒಂದು ಆ್ಯಂಟಿಬಯೋಟಿಕ್ ಸೇರಿಸುತ್ತಾರೆ. ಬರಿಯ ಸಲಹೆ ಕೊಟ್ಟು ಹೊರಟರೆ “ಏನೂ ಮಾಡದೆ ಹೋದರಲ್ಲ ಮಾರಾಯರೇ” ಎಂಬ ಮಾತು ಊರೆಲ್ಲ ಸುತ್ತುತ್ತದೆ. ಕೊಡುವವರು, ಕೇಳುವವರು ಇಬ್ಬರೂ ಒಬ್ಬರ ಭಯವನ್ನು ಇನ್ನೊಬ್ಬರು ಬೆಳೆಸುತ್ತಿದ್ದೇವೆ.

ಹೈನುಗಾರರ ಲೆಕ್ಕ ತಪ್ಪಲ್ಲ, ಅದರಲ್ಲಿ ಒಂದು ಸಾಲು ಬಿಟ್ಟುಹೋಗಿದೆ. ಇವತ್ತು ಅನವಶ್ಯಕವಾಗಿ ಕೊಟ್ಟ ಔಷಧಕ್ಕೆ ಬ್ಯಾಕ್ಟೀರಿಯಾಗಳು ಒಗ್ಗಿಕೊಂಡು, ಮುಂದೆ ಅದೇ ಹಟ್ಟಿಯಲ್ಲಿ ನಿಜವಾಗಿ ಬೇಕಾದಾಗ ಅದು ಕೆಲಸ ಮಾಡದೆ ಹೋಗಬಹುದು ಎಂಬ ಸಾಲು ಅದು. ಈ ನಷ್ಟಕ್ಕೆ ಬಿಲ್ಲು ಬರುವುದಿಲ್ಲ. ಕಣ್ಣಿಗೆ ಬೀಳದ ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಎರಡನೇ ದಿನವೇ ದನ ಮೇಯಲು ಶುರು ಮಾಡಿತು. ಮೂರನೇ ಇಂಜೆಕ್ಷನ್ ಬಿಡಬಹುದೇ?

ವೈದ್ಯರನ್ನು ಕೇಳದೆ ಬಿಡಬೇಡಿ. ಜ್ವರ ಇಳಿದ ಮಾತ್ರಕ್ಕೆ ಸೋಂಕು ಪೂರ್ತಿ ಹೋಗಿರುವುದಿಲ್ಲ, ವಿಶೇಷವಾಗಿ ಕೆಚ್ಚಲಿನಲ್ಲಿ ಮತ್ತು ಗರ್ಭಕೋಶದಲ್ಲಿ. ಅದೇ ರೀತಿ ಎಂಟು ದಿನ, ಹತ್ತು ದಿನ ಎಳೆದುಕೊಂಡು ಹೋಗುವುದರಿಂದಲೂ ಒಳ್ಳೆಯದಾಗುವುದಿಲ್ಲ. ಹೇಳಿದಷ್ಟು ದಿನ, ದನದ ತೂಕಕ್ಕೆ ತಕ್ಕ ಪ್ರಮಾಣದಲ್ಲಿ ಕೊಡಬೇಕು. 400 ಕಿಲೋ ತೂಗುವ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಗೆ ಬೇಕಾದ ಪ್ರಮಾಣ ಬೇರೆ, ಅದರ ಅರ್ಧವೂ ತೂಗದ ನಮ್ಮ ಊರ ತಳಿ ಮಲೆನಾಡು ಗಿಡ್ಡಕ್ಕೆ ಬೇಕಾದದ್ದು ಬೇರೆ. ಪಕ್ಕದ ಮನೆಯಲ್ಲಿ ಉಳಿದ ಅರ್ಧ ಬಾಟಲಿಯನ್ನು ತಂದು ಅಂದಾಜಿನಲ್ಲಿ ಚುಚ್ಚುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಕಡಿಮೆ ಪ್ರಮಾಣದಲ್ಲಿ ಬಿದ್ದ ಔಷಧ ಬಲವಿಲ್ಲದ ಬ್ಯಾಕ್ಟೀರಿಯಾಗಳನ್ನು ಕೊಂದು, ತಾಳಿಕೊಂಡವುಗಳಿಗೆ ಜಾಗ ಖಾಲಿ ಮಾಡಿಕೊಡುತ್ತದೆ.

ಕೆಚ್ಚಲು ಬಾವು ಬಂದರೆ ಆ್ಯಂಟಿಬಯೋಟಿಕ್ ಇಲ್ಲದೆ ಆಗುತ್ತದೆಯೇ?

ಕೆಲವು ಸಲ ಆಗುತ್ತದೆ, ಕೆಲವು ಸಲ ಆಗುವುದೇ ಇಲ್ಲ. ನಮ್ಮ ಜಿಲ್ಲೆಗಳಲ್ಲಿ ದನಗಳಿಗೆ ಹೋಗುವ ಆ್ಯಂಟಿಬಯೋಟಿಕ್‌ನ ಮಾತು ಬಂದರೆ ಅದು ಕೊನೆಗೆ ಕೆಚ್ಚಲು ಬಾವಿಗೇ ಬಂದು ನಿಲ್ಲುತ್ತದೆ. ಆದ್ದರಿಂದ ಇದಕ್ಕೆ ಸ್ವಲ್ಪ ವಿವರವಾಗಿ ಉತ್ತರಿಸುತ್ತೇನೆ.

ಮೊದಲು ಕಂಡುಹಿಡಿಯುವ ಬಗೆ. ಕಾರ್ಕಳದ ಕಡೆ ಒಬ್ಬ ಅಕ್ಕ ಹಾಲು ಕರೆಯುವ ಮೊದಲು ನಾಲ್ಕೂ ಮೊಲೆಯಿಂದ ಎರಡೆರಡು ಎಳೆ ಹಾಲನ್ನು ಕಪ್ಪು ಪ್ಲಾಸ್ಟಿಕ್ ಮುಚ್ಚಳವೊಂದಕ್ಕೆ ಹಿಂಡುತ್ತಾರೆ. ಮುಚ್ಚಳವನ್ನು ಬಾಗಿಲ ಬೆಳಕಿಗೆ ವಾರೆಯಾಗಿ ಹಿಡಿಯುತ್ತಾರೆ. ಒಳ್ಳೆಯ ಹಾಲು ಒಂದೇ ಸಮನೆ ಜಾರುತ್ತದೆ, ಬಾವಿನ ಹಾಲಿನಲ್ಲಿ ಅವಲಕ್ಕಿಯ ಚೂರಿನಂಥ ಬಿಳಿ ತುಣುಕುಗಳು ಕಪ್ಪಿನ ಮೇಲೆ ಎದ್ದು ಕಾಣುತ್ತವೆ. ಕೆಚ್ಚಲು ಊದಿಕೊಳ್ಳುವುದಕ್ಕೆ ಮೊದಲೇ, ಹಾಲು ಪಾತ್ರೆಗೆ ಬೀಳುವುದಕ್ಕೆ ಮೊದಲೇ ಅವರಿಗೆ ವಿಷಯ ಗೊತ್ತಾಗಿರುತ್ತದೆ. ಖರ್ಚಿಲ್ಲದ ಇಂಥ ಪರೀಕ್ಷೆಯನ್ನು ಎಲ್ಲ ಮನೆಯಲ್ಲೂ ಮಾಡಬೇಕೆಂಬುದು ನನ್ನ ಆಸೆ. ತುಣುಕೂ ಕಾಣದ ಒಳಬಾವು ಇದೆಯೇ ಎಂದು ನೋಡಲು ಬಟ್ಟೆ ಒಗೆಯುವ ಪುಡಿ ಸಾಕು: 100 ಮಿಲಿಲೀಟರ್ ನೀರಿಗೆ 3 ಗ್ರಾಂ ಪುಡಿ ಕಲಸಿ, ಅಷ್ಟೇ ಪ್ರಮಾಣದ ಹಾಲಿನೊಂದಿಗೆ ಬಟ್ಟಲಿನಲ್ಲಿ ಮೆಲ್ಲನೆ ತಿರುಗಿಸಿದರೆ ಬಾವಿನ ಹಾಲು ಲೋಳೆಯಾಗುತ್ತದೆ. ಸಂಘದಲ್ಲಿ ಇದಕ್ಕೆಂದೇ ದ್ರಾವಣ ಇದ್ದರೆ ಇನ್ನೂ ಒಳ್ಳೆಯದು.

ಒಳಬಾವು ಮಾತ್ರ ಇದ್ದು ದನ ಚೆನ್ನಾಗಿ ಮೇಯುತ್ತಿದ್ದರೆ ಹಾಲು ಕೊಡುವ ಅವಧಿಯಲ್ಲಿ ಸಾಮಾನ್ಯವಾಗಿ ಆ್ಯಂಟಿಬಯೋಟಿಕ್ ಬೇಕಾಗುವುದಿಲ್ಲ. ಮುಂದಿನ ಕರುವಿಗೆ ಮೊದಲು ಹಾಲು ಬತ್ತಿಸುವಾಗ ವೈದ್ಯರು ಅಂಥ ದನಕ್ಕೆ ಕೆಚ್ಚಲಿನೊಳಗೆ ಆ್ಯಂಟಿಬಯೋಟಿಕ್‌ನ ಟ್ಯೂಬ್ ಹಿಂಡಿದರೆ ಗುಣವಾಗುವ ಸಾಧ್ಯತೆ ಹೆಚ್ಚು, ಹಾಲು ಚೆಲ್ಲುವ ನಷ್ಟವೂ ಇಲ್ಲ. ತುಣುಕು ಬಂದು, ಒಂದು ಭಾಗ ಸ್ವಲ್ಪ ಗಟ್ಟಿಯಾಗಿ, ಜ್ವರವಿಲ್ಲದಿದ್ದರೆ ಆ ಹಾಲಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಔಷಧ ನಾಟುತ್ತದೆ ಎಂದು ತಿಳಿದು ಕೊಡುವುದು ಸರಿಯಾದ ದಾರಿ. ಮಾದರಿ ತೆಗೆಯಬೇಕಾದದ್ದು ಮೊದಲ ಇಂಜೆಕ್ಷನ್‌ಗಿಂತ ಮುಂಚೆ. ಆಮೇಲೆ ತೆಗೆದರೆ ಏನೂ ಬೆಳೆಯದೆ ವರದಿ ಖಾಲಿ ಬರಬಹುದು. ಆದರೆ ದನ ಮೇವು ಬಿಟ್ಟು, ಮೈ ಕಾದು, ಹಾಲು ನೀರಾಗಿಯೋ ರಕ್ತವಾಗಿಯೋ ಬರುತ್ತಿದ್ದರೆ ಒಂದು ಗಂಟೆಯನ್ನೂ ಕಳೆಯಬೇಡಿ. ಅದು ಕೆಚ್ಚಲನ್ನಲ್ಲ, ದನವನ್ನೇ ಕಳೆದುಕೊಳ್ಳುವ ಸ್ಥಿತಿ. ಅಲ್ಲಿ ಆ್ಯಂಟಿಬಯೋಟಿಕ್ ಬೇಡ ಎನ್ನುವುದು ಅಪರಾಧ.

ಹಾಗಾದರೆ ಬಾವು ಬಾರದಂತೆ ತಡೆಯುವುದು ಹೇಗೆ? ನಮ್ಮ ಮಳೆಗೆ ಹಟ್ಟಿ ಒಣಗುವುದೇ ಇಲ್ಲವಲ್ಲ?

ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜುಲೈ, ಆಗಸ್ಟ್‌ನ ಆಟಿ ತಿಂಗಳಲ್ಲಿ ಹಟ್ಟಿಗೆ ಹಾಕಿದ ಹಸಿ ಸೊಪ್ಪು ಸಗಣಿ, ಗಂಜಲದೊಂದಿಗೆ ಕೊಳೆತು ಬೆಚ್ಚಗಾಗಿ, ಇ. ಕೋಲಿಯಂಥ ಬ್ಯಾಕ್ಟೀರಿಯಾಗಳಿಗೆ ಒಳ್ಳೆಯ ಹಾಸಿಗೆಯಾಗುತ್ತದೆ. ಸೊಪ್ಪಿನ ಹಟ್ಟಿ ಗೊಬ್ಬರಕ್ಕೆ ಒಳ್ಳೆಯದು ಎಂಬುದು ನಿಜ. ದಿನಕ್ಕೆ ಹತ್ತಿಪ್ಪತ್ತು ಲೀಟರ್ ಕರೆಯುವ ದನವನ್ನು ಅದರ ಮೇಲೆ ಮಲಗಿಸುವುದು ಒಳ್ಳೆಯದಲ್ಲ. ಆ ದನಕ್ಕೆ ಇಳಿಜಾರಿನ ಗಾರೆ ನೆಲ, ರಬ್ಬರ್ ಮ್ಯಾಟ್ ಬೇಕು. ಸೊಪ್ಪಿನ ಹಟ್ಟಿಯನ್ನು ಗಿಡ್ಡಗಳಿಗೆ, ಹಾಲು ಬತ್ತಿದವಕ್ಕೆ ಇಟ್ಟುಕೊಳ್ಳಿ.

ಇನ್ನೊಂದು ಸಣ್ಣ ವಿಷಯದ ಪರಿಣಾಮ ದೊಡ್ಡದು. ಹಾಲು ಕರೆದ ಮೇಲೆ ಮೊಲೆಯ ತೂತು ಸುಮಾರು ಅರ್ಧ ಗಂಟೆ ತೆರೆದೇ ಇರುತ್ತದೆ. ಆ ಹೊತ್ತಿಗೆ ಮೊಲೆಯನ್ನು ಪೊವಿಡೋನ್ ಅಯೋಡಿನ್ ದ್ರಾವಣದಲ್ಲಿ ಅದ್ದಿ, ದನದ ಮುಂದೆ ಹುಲ್ಲು ಹಾಕಿದರೆ ಅದು ನಿಂತೇ ಮೇಯುತ್ತದೆ, ನೆಲದ ಕೊಳೆ ಒಳಗೆ ಹೋಗುವುದಿಲ್ಲ. ಹೆಬ್ಬೆರಳು ಮಡಚಿ ಒತ್ತಿ ಕರೆಯುವ ರೂಢಿ ನಮ್ಮಲ್ಲಿ ಬಹಳ. ಅದರಿಂದ ಮೊಲೆಯ ಒಳಪದರಕ್ಕೆ ಪೆಟ್ಟಾಗುತ್ತದೆ. ಪೂರ್ತಿ ಅಂಗೈಯಿಂದ ಹಿಡಿದು ಕರೆಯಿರಿ. ಬಾವಿರುವ ದನವನ್ನು ಎಲ್ಲಕ್ಕಿಂತ ಕೊನೆಗೆ ಕರೆಯಿರಿ.

ಇಂಜೆಕ್ಷನ್ ಕೊಟ್ಟ ಮೇಲೆ ಎಷ್ಟು ದಿನ ಹಾಲನ್ನು ಡೈರಿಗೆ ಹಾಕಬಾರದು?

ಔಷಧದ ಅಂಶ ಹಾಲಿನಲ್ಲಿ ಬರುವ ಅವಧಿ ಔಷಧದಿಂದ ಔಷಧಕ್ಕೆ ಬೇರೆ. ಬಾಟಲಿಯ ಅಥವಾ ಟ್ಯೂಬಿನ ಲೇಬಲ್‌ನಲ್ಲಿ ಹಾಲಿಗೆ ಇಷ್ಟು, ಮಾಂಸಕ್ಕೆ ಇಷ್ಟು ಎಂದು ಬರೆದಿರುತ್ತದೆ. ಹಾಗೆ ನಿರ್ದಿಷ್ಟ ಅವಧಿ ಇಲ್ಲದ ಔಷಧಕ್ಕೆ 2012ರಲ್ಲಿ ತಿದ್ದುಪಡಿಯಾದ ಕೇಂದ್ರದ ಔಷಧ ನಿಯಮಗಳ ಪ್ರಕಾರ ಹಾಲು, ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ಎಣಿಕೆ ಶುರುವಾಗುವುದು ಕೊನೆಯ ಇಂಜೆಕ್ಷನ್ನಿಂದ, ಮೊದಲನೆಯದರಿಂದ ಅಲ್ಲ. ಹಾಗೆಯೇ ಒಂದು ಮೊಲೆಗೆ ಟ್ಯೂಬ್ ಹಾಕಿದರೆ ಉಳಿದ ಮೂರರ ಹಾಲು ಹಾಕಬಹುದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಹಾಕಬಾರದು. ಔಷಧ ರಕ್ತಕ್ಕೆ ಸೇರಿ ಉಳಿದ ಮೊಲೆಗಳಿಗೂ ಬರುತ್ತದೆ.

ನಷ್ಟ ಎಷ್ಟೆಂದು ನೇರವಾಗಿ ನೋಡೋಣ. ಸರಕಾರದ 5 ರೂಪಾಯಿ ಪ್ರೋತ್ಸಾಹಧನವೂ ಸೇರಿ ಲೀಟರಿಗೆ 40 ರೂಪಾಯಿ ಎಂದು ಹಿಡಿದರೆ, ದಿನಕ್ಕೆ ಹತ್ತು ಲೀಟರ್ ಕೊಡುವ ದನದ ಏಳು ದಿನದ ಹಾಲು 2800 ರೂಪಾಯಿ. ಚಿಕಿತ್ಸೆಯ ಮೂರು ದಿನವನ್ನೂ ಸೇರಿಸಿದರೆ 4000. ಇಷ್ಟು ಹಣವನ್ನು ‘ಚೆಲ್ಲಿಬಿಡಿ’ ಎಂದು ಸಭೆಯಲ್ಲಿ ಮೈಕ್ ಹಿಡಿದು ಹೇಳುವವರು ಈ ಅಂಕಿಯನ್ನೂ ಜೊತೆಗೆ ಹೇಳಬೇಕು. ಅನವಶ್ಯಕ ಆ್ಯಂಟಿಬಯೋಟಿಕ್ ಬೇಡ ಎನ್ನಲು ಇದಕ್ಕಿಂತ ಬಲವಾದ ಕಾರಣ ನನಗೆ ಗೊತ್ತಿಲ್ಲ: ಕೊಡದಿದ್ದರೆ ಚೆಲ್ಲುವ ಪ್ರಮೇಯವೇ ಬರುವುದಿಲ್ಲ.

ಚೆಲ್ಲುವ ಹಾಲನ್ನು ಕರುವಿಗೆ ಕುಡಿಸಬಹುದೇ?

ಬೇಡ. ಕರುವಿನ ಕರುಳಿಗೆ ದಿನವೂ ಸ್ವಲ್ಪ ಸ್ವಲ್ಪ ಔಷಧ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ. ಮುಂದೆ ಅದೇ ಕರುವಿಗೆ ಭೇದಿಯಾದಾಗ ಔಷಧ ನಾಟದೆ ಹೋಗಬಹುದು. ನಾಯಿ, ಬೆಕ್ಕಿಗೂ ಬೇಡ, ಮನೆಯ ಮಕ್ಕಳಿಗಂತೂ ಬೇಡವೇ ಬೇಡ. ಬಾವಿ, ತೋಡಿನಿಂದ ದೂರ ಗುಂಡಿ ತೆಗೆದು ಹುಯ್ದು ಮಣ್ಣು ಮುಚ್ಚಿ.

ಹಾಲು ಕುದಿಸಿದರೆ ಔಷಧ ಹೋಗುವುದಿಲ್ಲವೇ?

ಇಲ್ಲ. ಮನೆಯಲ್ಲಿ ಕುದಿಸುವ ಬಿಸಿಗೆ ಹೆಚ್ಚಿನ ಆ್ಯಂಟಿಬಯೋಟಿಕ್‌ಗಳು ಪೂರ್ತಿ ನಾಶವಾಗುವುದಿಲ್ಲ, ಡೈರಿಯ ಪಾಶ್ಚರೀಕರಣಕ್ಕೂ ಅಷ್ಟೇ. ಹೆಪ್ಪು ಹಾಕಿದ ಹಾಲು ಮರುದಿನವೂ ಮೊಸರಾಗದೆ ನೀರು ನೀರಾಗಿ ಉಳಿದ ಅನುಭವ ಕೆಲವು ಮನೆಗಳಲ್ಲಿದೆ. ಮೊಸರು ಮಾಡುವುದೂ ಬ್ಯಾಕ್ಟೀರಿಯಾವೇ, ಔಷಧ ಅದನ್ನೂ ಬಿಡುವುದಿಲ್ಲ. ಮೊಸರಾದರೆ ಹಾಲು ಶುದ್ಧ ಎಂದು ಮಾತ್ರ ತಿಳಿಯಬೇಡಿ. ಹೆಪ್ಪನ್ನು ತಡೆಯುವಷ್ಟಿಲ್ಲದ ಅಂಶವೂ ಮಿತಿಗಿಂತ ಹೆಚ್ಚೇ ಇರಬಹುದು.

ನಾನು ಹಾಕುವುದು ನಾಲ್ಕು ಲೀಟರ್. ಕ್ಯಾನಿನಲ್ಲಿ, ಟ್ಯಾಂಕರಿನಲ್ಲಿ ಕಲಸಿದಾಗ ಅದು ಎಲ್ಲಿಗೆ ಗೊತ್ತಾಗುತ್ತದೆ?

ಈ ಪ್ರಶ್ನೆಯನ್ನು ಜನ ಸಭೆಯಲ್ಲಿ ಕೇಳುವುದಿಲ್ಲ, ಸಭೆ ಮುಗಿದ ಮೇಲೆ ಚಹಾ ಕುಡಿಯುತ್ತಾ ಕೇಳುತ್ತಾರೆ. ಪ್ರಾಮಾಣಿಕ ಪ್ರಶ್ನೆ, ಪ್ರಾಮಾಣಿಕ ಉತ್ತರವೇ ಬೇಕು. ಸಂಘದ ಬಾಗಿಲಲ್ಲಿ ದಿನವೂ ನೋಡುವುದು ಕೊಬ್ಬು ಮತ್ತು ಕೊಬ್ಬೇತರ ಘನಾಂಶ. ಲ್ಯಾಕ್ಟೋಮೀಟರಿಗೆ ಆ್ಯಂಟಿಬಯೋಟಿಕ್ ಕಾಣುವುದಿಲ್ಲ. ಅದಕ್ಕೆ ಬೇರೆಯೇ ಪಟ್ಟಿ (ಸ್ಟ್ರಿಪ್) ಪರೀಕ್ಷೆ ಬೇಕು. ಹಾಗಾಗಿ ನೀವು ಹಾಕಿದ್ದು ಅಲ್ಲಿ ಗೊತ್ತಾಗದೆ ಹೋಗಬಹುದು.

ಆದರೆ ಕೆಚ್ಚಲಿಗೆ ಟ್ಯೂಬ್ ಹಾಕಿದ ಮೊದಲ ದಿನದ ಹಾಲಿನಲ್ಲಿ ಔಷಧದ ಪ್ರಮಾಣ ಎಷ್ಟಿರುತ್ತದೆಂದರೆ, ಒಬ್ಬರ ಹಾಲು ಇಡೀ ಸಂಘದ ಹಾಲನ್ನು ಮಿತಿ ದಾಟಿಸಬಲ್ಲದು. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ನಡೆಸಿದ ದೇಶವ್ಯಾಪಿ ಹಾಲಿನ ಸಮೀಕ್ಷೆಯಲ್ಲಿ 6432 ಮಾದರಿಗಳ ಪೈಕಿ 77ರಲ್ಲಿ ಆ್ಯಂಟಿಬಯೋಟಿಕ್ ಅಂಶ ಮಿತಿ ಮೀರಿತ್ತು. ಶೇಕಡಾ 1.2ರಷ್ಟು. ಹೆದರಿ ಹಾಲು ಬಿಡುವಷ್ಟಲ್ಲ, ಆದರೆ ಆ 77ರ ಹಿಂದೆ ‘ನನ್ನದು ನಾಲ್ಕೇ ಲೀಟರ್’ ಎಂದುಕೊಂಡ ಮನೆಗಳೂ ಇರಬಹುದು. ಕುಲಶೇಖರದ ಡೈರಿಗೋ ಉಪ್ಪೂರಿನ ಡೈರಿಗೋ ಹೋದ ಹಾಲು ಪೊಟ್ಟಣವಾಗಿ ತಿರುಗಿ ಬರುವುದು ನಮ್ಮದೇ ಊರಿನ ಅಂಗಡಿಗೆ.

ಆಸ್ಪತ್ರೆಗಳಲ್ಲಿ ಮನುಷ್ಯರಿಗೆ ಔಷಧ ನಾಟದಿರುವುದಕ್ಕೆ ನಮ್ಮ ದನ ಕಾರಣವೇ?

ಎಲ್ಲ ಹೊರೆಯನ್ನೂ ದನದ ಮೇಲೆ ಹೊರಿಸುವುದು ಅನ್ಯಾಯ. ಶೀತ, ಕೆಮ್ಮಿಗೆಲ್ಲ ಮೆಡಿಕಲ್ ಅಂಗಡಿಯಿಂದ ಆ್ಯಂಟಿಬಯೋಟಿಕ್ ತಂದು ನುಂಗುವ ಪೇಟೆಯವರ ಪಾಲು ಇದರಲ್ಲಿ ದೊಡ್ಡದು. ಹಾಗೆಂದು ಹಟ್ಟಿ ಪೂರ್ತಿ ಹೊರಗೂ ಇಲ್ಲ. ಔಷಧಗಳು ಒಂದೇ. ದನಕ್ಕೆ ಕೊಟ್ಟ ಎನ್ರೋಫ್ಲಾಕ್ಸಾಸಿನ್‌ನ ಒಂದು ಪಾಲು ಅದರ ಮೈಯಲ್ಲಿ ಸಿಪ್ರೋಫ್ಲಾಕ್ಸಾಸಿನ್ ಆಗಿ ಮಾರ್ಪಡುತ್ತದೆ, ನಮಗೆ ಮೂತ್ರದ ಸೋಂಕಿಗೆ ಬರೆದುಕೊಡುವ ಅದೇ ಔಷಧ. ಸೆಫ್ಟ್ರಿಯಾಕ್ಸೋನ್ ಮಂಗಳೂರಿನ ಆಸ್ಪತ್ರೆಯ ವಾರ್ಡಿನಲ್ಲೂ ಇದೆ, ನನ್ನ ಬ್ಯಾಗಿನಲ್ಲೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಈ ಎರಡೂ ಗುಂಪುಗಳನ್ನು ಮನುಷ್ಯರಿಗಾಗಿ ಅತ್ಯಂತ ಜೋಪಾನವಾಗಿ ಉಳಿಸಬೇಕಾದ ಪಟ್ಟಿಯಲ್ಲಿಟ್ಟಿದೆ. ಬ್ಯಾಗಿನಲ್ಲಿ ಅದಿದೆ ಎಂದು ಮೊದಲಿಗೆ ಅದನ್ನೇ ತೆಗೆಯುವುದು ಸರಿಯಲ್ಲ. ಪೆನಿಸಿಲಿನ್‌ನಂಥ ಹಳೆಯ ಔಷಧ ಸಾಲುವಲ್ಲಿ ಅದೇ ಸಾಕು.

2019ರಲ್ಲಿ ಔಷಧ ನಾಟದ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಮಂದಿ ತೀರಿಕೊಂಡರೆಂದು ಅಂದಾಜಿದೆ. ಅಂಥ ಬ್ಯಾಕ್ಟೀರಿಯಾಗಳು ದಿನವೂ ಹಾಲು ಕರೆಯುವ, ಸಗಣಿ ಬಾಚುವ ಕೈಗಳಿಗೂ ಅಂಟುತ್ತವೆ. ಆದ್ದರಿಂದ ಮೊದಲು ಅಪಾಯವಿರುವುದು ಪೇಟೆಯ ಗಿರಾಕಿಗಲ್ಲ, ಹಟ್ಟಿಯಲ್ಲಿ ದುಡಿಯುವವರಿಗೆ. ನಮ್ಮಲ್ಲಿ ಅವರು ಹೆಚ್ಚಾಗಿ ಮನೆಯ ಹೆಂಗಸರು. ಔಷಧದ ಬಗ್ಗೆ ಸಭೆ ಕರೆದಾಗ ಮಾತ್ರ ಗಂಡಸರೇ ಬಂದು ಕೂರುತ್ತಾರೆ. ಈ ಕ್ರಮ ಬದಲಾಗಬೇಕು.

ಕೋಳಿ ಸಾಕುವವರ ಸಂಗತಿ ಏನು?

ಬಾಯ್ಲರ್ ಕೋಳಿ ಸಾಕುವವರಲ್ಲಿ ಬಹಳ ಮಂದಿ ಕಂಪನಿಯ ಒಪ್ಪಂದದಲ್ಲಿದ್ದಾರೆ. ಮರಿ ಅವರದು, ಆಹಾರ ಅವರದು, ಔಷಧವೂ ಅವರದು. ಶೆಡ್ಡು, ಕರೆಂಟು, ದುಡಿಮೆ ಮಾತ್ರ ರೈತನದು, ಸಿಗುವುದು ಕಿಲೋಗೆ ಇಷ್ಟು ಎಂಬ ಸಾಕಣೆ ಕೂಲಿ. ಆಹಾರದ ಮೂಟೆಯಲ್ಲಿ ಏನು ಸೇರಿದೆ ಎಂದು ಆತನಿಗೇ ಗೊತ್ತಿರುವುದಿಲ್ಲ. ಇಂಥವರನ್ನು ನಿಲ್ಲಿಸಿ ‘ನಿಮ್ಮ ಮನೋಭಾವ ಬದಲಾಗಬೇಕು’ ಎಂದು ಬುದ್ಧಿ ಹೇಳುವುದರಲ್ಲಿ ಅರ್ಥವಿಲ್ಲ. ಕೇಳಬೇಕಾದದ್ದು ಕಂಪನಿಯನ್ನು. ರೈತ ಮಾಡಬಹುದಾದದ್ದು ಇಷ್ಟು: ಮೂಟೆಯ ಲೇಬಲ್ ಓದಿ ಫೋಟೋ ತೆಗೆದಿಡುವುದು, ಕುಡಿಯುವ ನೀರಿಗೆ ಹಾಕಲು ಕೊಟ್ಟ ಬಾಟಲಿಯ ಹೆಸರು ಬರೆದಿಡುವುದು, ಕೋಳಿ ಎತ್ತುವ ಮೊದಲು ಎಷ್ಟು ದಿನ ನಿಲ್ಲಿಸಬೇಕೆಂದು ಮೇಲ್ವಿಚಾರಕನನ್ನು ಕೇಳಿ ಬರಹದಲ್ಲಿ ಪಡೆಯುವುದು.

ಬೇಗ ತೂಕ ಬರಲೆಂದು ಆ್ಯಂಟಿಬಯೋಟಿಕ್ ಹಾಕುವ ಪದ್ಧತಿಯನ್ನು ಸ್ವೀಡನ್ 1986ರಲ್ಲೇ ಬಿಟ್ಟಿತು, ಐರೋಪ್ಯ ಒಕ್ಕೂಟ 2006ರಲ್ಲಿ ನಿಲ್ಲಿಸಿತು. ನಮ್ಮಲ್ಲಿ ಕೊಲಿಸ್ಟಿನ್ ಎಂಬ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸುವುದನ್ನು ಕೇಂದ್ರ ಸರಕಾರ 2019ರಲ್ಲಿ ನಿಷೇಧಿಸಿತು. ತೀವ್ರ ನಿಗಾ ಘಟಕದಲ್ಲಿ ಬೇರೆ ಯಾವ ಔಷಧವೂ ನಾಟದ ರೋಗಿಗೆ ಕೊನೆಯದಾಗಿ ಕೊಡುವ ಔಷಧ ಅದು. ಅದನ್ನು ಕೋಳಿಯ ತೂಕಕ್ಕೆ ಸುರಿಯುತ್ತಿದ್ದರು ಎಂಬುದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಹಂದಿ, ಸಿಗಡಿ?

ಹಂದಿ ಜ್ವರ, ಆಫ್ರಿಕನ್ ಹಂದಿ ಜ್ವರ ಎರಡೂ ವೈರಸ್‌ನವು. ಹೋಟೆಲಿನ ಉಳಿಕೆ ಆಹಾರವನ್ನು ಕುದಿಸಿಯೇ ಹಾಕುವುದು, ಹೊರಗಿನವರನ್ನು ಗೂಡಿನೊಳಗೆ ಬಿಡದಿರುವುದು ಇವುಗಳ ರಕ್ಷಣೆ, ಆ್ಯಂಟಿಬಯೋಟಿಕ್ ಅಲ್ಲ.

ಸಿಗಡಿಯವರು ಮಾತ್ರ ಈ ಪಾಠವನ್ನು ದನದವರಿಗಿಂತ ಮೊದಲೇ ಕಲಿತಿದ್ದಾರೆ. ರಫ್ತಾದ ಸಿಗಡಿಯಲ್ಲಿ ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್ ಎಂಬ ಆ್ಯಂಟಿಬಯೋಟಿಕ್‌ಗಳ ಅಂಶ ಕಂಡು ಸರಕು ತಿರಸ್ಕೃತವಾದಾಗ ಪೆಟ್ಟು ನೇರವಾಗಿ ಕಿಸೆಗೆ ಬಿತ್ತು. ಈಗ ಕೊಯ್ಲಿಗೆ ಮೊದಲೇ ಮಾದರಿ ತೆಗೆದು ಪರೀಕ್ಷಿಸುವ ವ್ಯವಸ್ಥೆ ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರದಲ್ಲಿದೆ. ಕುಂದಾಪುರದ ಕಡೆ ಕೆರೆ ಮಾಡುವವರು ಔಷಧದ ಹೆಸರನ್ನು ಕೇಳಿ ತಿಳಿದುಕೊಂಡು ಖರೀದಿಸುವುದನ್ನು ನೋಡಿ ನನಗೆ ಸಂತೋಷವಾಗಿದೆ. ತೆಗೆದುಕೊಳ್ಳುವವನು ಪರೀಕ್ಷೆ ಮಾಡುತ್ತಾನೆ, ಒಳ್ಳೆಯ ಸರಕಿಗೆ ಬೆಲೆ ಕೊಡುತ್ತಾನೆ ಎಂದಾದಾಗ ಬೆಳೆಗಾರ ತಾನಾಗಿ ಬದಲಾಗುತ್ತಾನೆ.

ಗೊಬ್ಬರದ ಮೂಲಕ ಔಷಧ ತೋಟಕ್ಕೆ ಹೋಗುತ್ತದೆಯೇ?

ಹೋಗುತ್ತದೆ. ಆಕ್ಸಿಟೆಟ್ರಾಸೈಕ್ಲಿನ್‌ನಂಥ ಔಷಧದ ದೊಡ್ಡ ಪಾಲು ಬದಲಾಗದೆ ಸಗಣಿ, ಗಂಜಲದಲ್ಲಿ ಹೊರಬರುತ್ತದೆ, ಜೊತೆಗೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳೂ. ಶಂಕರಪುರದ ಮಲ್ಲಿಗೆ ಗಿಡದ ಬುಡಕ್ಕೂ ಮಟ್ಟುವಿನ ಗುಳ್ಳದ ಸಾಲಿಗೂ ಹೋಗುವುದು ಇದೇ ಹಟ್ಟಿಗೊಬ್ಬರ. ಹಸಿ ಸಗಣಿಯನ್ನು ಕದಡಿ ತರಕಾರಿಗೆ ನೇರವಾಗಿ ಹುಯ್ಯುವ ಬದಲು ರಾಶಿ ಹಾಕಿ, ಒಳಗೆ ಚೆನ್ನಾಗಿ ಬಿಸಿಯೇರಿ ಕಳಿಯಲು ಬಿಟ್ಟರೆ ಎರಡೂ ಗಣನೀಯವಾಗಿ ತಗ್ಗುತ್ತವೆ. ಚಿಕಿತ್ಸೆಯಲ್ಲಿರುವ ದನದ ಸಗಣಿಯನ್ನು ಬೇರೆ ರಾಶಿ ಹಾಕಿದರೆ ಇನ್ನೂ ಉತ್ತಮ.

ನಾಟಿ ಮದ್ದಿನಿಂದ ಪ್ರಯೋಜನವಿದೆಯೇ?

ಇದೆ, ಮಿತಿಯೊಳಗೆ. ತಮಿಳುನಾಡಿನ ಪಶುವೈದ್ಯ ವಿಜ್ಞಾನಿ ಪ್ರೊ. ಪುಣ್ಯಮೂರ್ತಿ ಅವರು ರೂಪಿಸಿ, ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಪ್ರಚಾರ ಮಾಡುತ್ತಿರುವ ಕೆಚ್ಚಲು ಬಾವಿನ ಮದ್ದು ನಮ್ಮ ಹಿತ್ತಲಿನಲ್ಲೇ ಸಿಗುತ್ತದೆ: ಲೋಳೆಸರ 250 ಗ್ರಾಂ, ಅರಸಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ ಒಟ್ಟಿಗೆ ಅರೆಯಬೇಕು. ಕೆಚ್ಚಲನ್ನು ಪೂರ್ತಿ ಕರೆದು ತೊಳೆದು, ಒಂದು ಹಿಡಿಯಷ್ಟನ್ನು ನೀರಿನಲ್ಲಿ ತೆಳ್ಳಗೆ ಕಲಸಿ ದಿನಕ್ಕೆ ಎಂಟು ಹತ್ತು ಸಲದಂತೆ ಐದು ದಿನ ಹಚ್ಚಬೇಕು. ಶುರುವಿನಲ್ಲೇ, ಜ್ವರವಿಲ್ಲದ ದನಕ್ಕೆ ಹಚ್ಚಿದರೆ ಫಲ ಕಾಣುತ್ತದೆ. ದಿನಕ್ಕೆರಡು ಸಲ ಹಚ್ಚಿ ‘ಆಗಲಿಲ್ಲ’ ಎನ್ನುವವರು ಮದ್ದನ್ನು ದೂರಬಾರದು. ಹಾಗೆಯೇ ದನ ಮಲಗಿದ ಮೇಲೂ ಲೋಳೆಸರ ಅರೆಯುತ್ತಾ ಕೂರಬಾರದು.

ಮೆಡಿಕಲ್ ಅಂಗಡಿಯಲ್ಲಿ ಚೀಟಿ ಇಲ್ಲದೆ ಕೊಡುತ್ತಾರಲ್ಲ?

ಕಾನೂನಿನ ಪ್ರಕಾರ ಕೊಡುವಂತಿಲ್ಲ. ಕೊಡುತ್ತಾರೆ ಎಂಬುದೂ ನಿಜ. ಇಲ್ಲಿ 2006ರ ಒಂದು ಸಂಗತಿ ನೆನಪಿಸುತ್ತೇನೆ. ಸತ್ತ ದನದ ಮಾಂಸ ತಿಂದ ರಣಹದ್ದುಗಳು ಸಾಯುತ್ತಿವೆ ಎಂದು ದನಗಳಿಗೆ ನೋವು, ಜ್ವರದ ಮದ್ದಾದ ಡೈಕ್ಲೋಫೆನಾಕ್ ನಿಷೇಧವಾದಾಗ ‘ಇನ್ನು ಜ್ವರಕ್ಕೆ ಏನು ಕೊಡುವುದು’ ಎಂಬ ಆತಂಕವಿತ್ತು. ಮೆಲಾಕ್ಸಿಕ್ಯಾಮ್ ಆ ಜಾಗಕ್ಕೆ ಬಂತು, ದನಗಳು ಉಳಿದವು. ಆದರೆ ಮನುಷ್ಯರ ಹೆಸರಿನ ದೊಡ್ಡ ಬಾಟಲಿಗಳು ಹಿಂಬಾಗಿಲಿನಿಂದ ಬರುತ್ತಲೇ ಇದ್ದುದರಿಂದ 2015ರಲ್ಲಿ ಆ ಬಾಟಲಿಯನ್ನೂ 3 ಮಿಲಿಲೀಟರಿಗೆ ಮಿತಿಗೊಳಿಸಬೇಕಾಯಿತು. ಅಂಗಡಿಯ ಬಾಗಿಲು ಮುಚ್ಚುವ ಜೊತೆಗೆ ವೈದ್ಯರ ಬಾಗಿಲು ತೆರೆಯಬೇಕು. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ. ಗುಡ್ಡದಾಚೆಯ ಮನೆಗೆ ಅದು ತಲುಪುವ ಹೊತ್ತು ಕಡಿಮೆಯಾದಷ್ಟೂ ಚೀಟಿ ಇಲ್ಲದ ವ್ಯಾಪಾರ ಕಡಿಮೆಯಾಗುತ್ತದೆ.

ನಮ್ಮ ಸಂಘ ಏನು ಮಾಡಬಹುದು?

ಮೊದಲನೆಯದಾಗಿ, ಚಿಕಿತ್ಸೆಯಲ್ಲಿರುವ ದನದ ಹಾಲನ್ನು ತಾನಾಗಿ ತಡೆದು ತಿಳಿಸಿದ ಸದಸ್ಯರಿಗೆ ಸಂಘದ ಲಾಭಾಂಶದಿಂದ ಸ್ವಲ್ಪವಾದರೂ ಪರಿಹಾರ ಕೊಡಬಹುದು. ಪೂರ್ತಿ ಅಲ್ಲ, ಅರ್ಧ ಕೊಟ್ಟರೂ ಸಾಕು. ವೈದ್ಯರ ಚೀಟಿ ತೋರಿಸಿದವರಿಗೆ ಮಾತ್ರ ಎಂದು ನಿಯಮ ಮಾಡಿದರೆ ದುರುಪಯೋಗವೂ ಆಗುವುದಿಲ್ಲ, ಚೀಟಿ ಇಲ್ಲದ ಔಷಧವೂ ತಗ್ಗುತ್ತದೆ. ಮಹಾಸಭೆಯಲ್ಲಿ ಬೋನಸ್ಸಿನ ಬಗ್ಗೆ ಗಂಟೆಗಟ್ಟಲೆ ವಾದ ಮಾಡುವ ನಾವು ಇದಕ್ಕೆ ಹತ್ತು ನಿಮಿಷ ಕೊಡಬಾರದೇ? ಸತ್ಯ ಹೇಳಿದವನಿಗೆ ನಷ್ಟ, ಸುಮ್ಮನಿದ್ದವನಿಗೆ ಪೂರ್ತಿ ದುಡ್ಡು ಎಂಬ ಸ್ಥಿತಿ ಇರುವವರೆಗೆ ಭಿತ್ತಿಪತ್ರ ಅಂಟಿಸಿ ಉಪಯೋಗವಿಲ್ಲ.

ಎರಡನೆಯದು ಒಂದು ನೋಟ್ ಪುಸ್ತಕ. ದನದ ಕಿವಿಯೋಲೆಯ ಸಂಖ್ಯೆ, ಔಷಧದ ಹೆಸರು, ಕೊನೆಯ ಇಂಜೆಕ್ಷನ್ ದಿನ, ಹಾಲು ಮತ್ತೆ ಹಾಕಬಹುದಾದ ದಿನ. ಇಷ್ಟೇ ಸಾಕು.

ನಿನ್ನೆ ಇಂಜೆಕ್ಷನ್ ಕೊಟ್ಟಾಗಿದೆ. ಯಾವುದೆಂದು ಹೇಳಲಿಲ್ಲ, ಚೀಟಿಯೂ ಇಲ್ಲ. ಈಗ ಏನು ಮಾಡಲಿ?

ಕೊಟ್ಟವರಿಗೆ ಫೋನ್ ಮಾಡಿ ಎರಡು ಮಾತು ಕೇಳಿ: ಔಷಧದ ಹೆಸರೇನು, ಎಷ್ಟು ದಿನ ಹಾಲು ಹಾಕಬಾರದು. ಸಂಕೋಚಪಡಬೇಡಿ, ಹೇಳುವುದು ನಮ್ಮ ಕರ್ತವ್ಯ. ಖಾಲಿ ಬಾಟಲಿ ಹಟ್ಟಿಯ ಮೂಲೆಯಲ್ಲೋ ತೆಂಗಿನ ಬುಡದಲ್ಲೋ ಬಿದ್ದಿದ್ದರೆ ಅದರ ಲೇಬಲ್ ಫೋಟೋ ತೆಗೆದು ವೈದ್ಯರಿಗೆ ಕಳುಹಿಸಿ. ಎರಡೂ ಆಗದಿದ್ದರೆ ಆ್ಯಂಟಿಬಯೋಟಿಕ್ ಎಂದೇ ತಿಳಿದು ಕೊನೆಯ ಇಂಜೆಕ್ಷನ್ನಿಂದ ಕನಿಷ್ಠ ಏಳು ದಿನ ಎಣಿಸಿ, ಆ ದನದ ಹಾಲನ್ನು ಬೇರೆ ಪಾತ್ರೆಯಲ್ಲಿ ಕರೆಯಿರಿ. ಮುಂದಿನ ಸಲ ವೈದ್ಯರು ಕೈ ತೊಳೆಯಲು ನೀರು ಕೇಳಿದಾಗ ನೀರಿನ ಜೊತೆಗೆ ಪೆನ್ನು, ಪುಸ್ತಕವನ್ನೂ ಕೊಡಿ.